ಸಿಹಿಯ ತ್ಯಾಗವೂ ಕಾಯದ ದಣಿವೂ

ಇಂದ್ರಿಯಗಳಲ್ಲಿ ಜಿಹ್ವೆಯನ್ನು ಗೆಲ್ಲುವದು ಕಷ್ಟತರವೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಕಣ್ಣನ್ನು ಮುಚ್ಚಬಹುದು, ಕಿವಿಯನ್ನು ಬೇರೆಡೆಗೆ ತಿರುಗಿಸಬಹುದು, ಆದರೆ ಉಣ್ಣದೆ ಬದುಕಲು ಬಾರದು. ದಿನಕ್ಕೆ ಮೂರು ಸಲ ಎದುರಾಳಿಯನ್ನು ಮನೆಗೆ ಕರೆದು ಉಪಚರಿಸಿಯೂ ಅವನಿಗೆ ಸೋಲದಿರಬೇಕಾದ ವಿಚಿತ್ರ ಹೋರಾಟವಿದು. ಈ ಹೋರಾಟದಲ್ಲಿ ಗೆದ್ದವನಿಗೂ ಒಂದು ಸಂಕಟವು ಒದಗುವದುಂಟು. ಬಿಡತಕ್ಕ ಪದಾರ್ಥವನ್ನು ಬಿಟ್ಟ ಮರುದಿನವೇ ಶರೀರವು ಸೋತು ಕುಳಿತುಬಿಡುವದು. ಆಗ ‘ಬಿಟ್ಟದ್ದೇ ತಪ್ಪಾಯಿತೇನೋ’ ಎಂದು ಮನಸ್ಸು ಡೋಲಾಯಮಾನವಾಗುವದು. ಒಳ್ಳೆಯದನ್ನು ಮಾಡಹೊರಟವನಿಗೆ ಕಾಯವೇ ಏಕೆ ಎದುರು ನಿಲ್ಲಬೇಕು? ಈ ಪ್ರಶ್ನೆಯು ಮೇಲುನೋಟಕ್ಕೆ ಅಡಿಗೆಮನೆಯದು. ವಿಚಾರಿಸಿ ನೋಡಿದರೆ ಧರ್ಮಜಿಜ್ಞಾಸೆಯದು.

ರೋಣ, ನರಗುಂದ, ಗಜೇಂದ್ರಗಡಗಳ ಸೀಮೆಯು ಬಿಳಿಜೋಳ, ಕಡಲೆ, ಹೆಸರು, ಹತ್ತಿಗಳ ಸೀಮೆ. ಜೋಳದ ರೊಟ್ಟಿ, ಕಾಳಿನ ಪಲ್ಯ, ಶೇಂಗಾ ಚಟ್ನಿ, ಮಜ್ಜಿಗೆ, ಇವು ಇಲ್ಲಿಯ ನಿತ್ಯದ ಊಟ. ಸಿಹಿಗೆ ಈ ಸೀಮೆಯಲ್ಲಿ ಗೌರವದ ಸ್ಥಾನವಿದ್ದಿತು. ಏಕೆಂದರೆ ಅದಕ್ಕೆ ಕಾಲನಿಯಮವಿದ್ದಿತು. ಹಬ್ಬಕ್ಕೆ ಹೋಳಿಗೆ, ಜಾತ್ರೆಯ ದಾಸೋಹಕ್ಕೆ ಗೋಧಿಯ ಹುಗ್ಗಿ, ಮದುವೆಗೆ ಮಾದಲಿ, ಗೌರಿ ಹುಣ್ಣಿಮೆಗೆ ಅಚ್ಚಿನಲ್ಲಿ ಎರೆದ ಸಕ್ಕರೆಯ ಆರತಿ. ತಿಥಿಯು ಬರುವವರೆಗೆ ಮಕ್ಕಳು ಕಾಯುತ್ತಿದ್ದರು. ಕಾದುದರಿಂದಲೇ ಸವಿಯು ಹೆಚ್ಚುತ್ತಿದ್ದಿತು. ಈಗ ಸಿಹಿಯು ತಿಥಿಯನ್ನು ಕೇಳುವದಿಲ್ಲ. ಎದ್ದ ಕೂಡಲೆ ಚಹಾ, ಹೊಲಕ್ಕೆ ಹೋಗುವಾಗ ಚಹಾ, ಗಜೇಂದ್ರಗಡದ ನೇಕಾರನ ಮಗ್ಗದ ಬಳಿಗೆ ಚಹಾ, ಬಸ್ಸು ತಡವಾದರೆ ನಿಲ್ದಾಣದಲ್ಲಿ ಚಹಾ, ನೆಂಟರು ಬಂದರೆ ಅವರ ನೆವದಲ್ಲಿ ಮತ್ತೊಂದು. ಬೇಸಿಗೆಯ ಬಿಸಿಲಿಗೆ ಬಣ್ಣದ ಪಾನೀಯದ ಬಾಟಲಿಯು ಬೇರೆ. ೧೯೭೭ರಲ್ಲಿ ಭಾರತವನ್ನು ಬಿಟ್ಟುಹೋದ ಕೋಕಾ-ಕೋಲಾ ಕಂಪನಿಯು ೧೯೯೩ರಲ್ಲಿ ಮರಳಿತು. ಆ ತರುವಾಯದ ವರ್ಷಗಳಲ್ಲಿ ಇಂಥ ಪಾನೀಯಗಳು ಹಳ್ಳಿಯ ಅಂಗಡಿಯವರೆಗೂ ಬಂದು ನಿಂತಿವೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಗೋಲಿ ಹಾಕಿದ ಶೀಸೆಯ ಬರಿಯ ಸೋಡಾದಲ್ಲಿ ಸಕ್ಕರೆಯಿರುವದಿಲ್ಲ. ಅದು ಅನಿಲವನ್ನು ತುಂಬಿದ ನೀರು ಮಾತ್ರ. ಇಲ್ಲಿ ವಿಚಾರಕ್ಕೆ ಬಂದಿರುವದು ಸಿಹಿ ಬೆರೆತ ಸೋಡಾ. ಅಂಥ ೩೦೦ ಮಿಲಿಲೀಟರ್ ಕೋಲಾ ಪಾನೀಯದಲ್ಲಿ ಸುಮಾರು ೩೦ ಗ್ರಾಂ ಸಕ್ಕರೆಯು ಕರಗಿರುತ್ತದೆ. ಎರಡು ಚಮಚೆ ಸಕ್ಕರೆ ಹಾಕಿದ ಚಹಾವನ್ನು ದಿನಕ್ಕೆ ಐದು ಸಲ ಕುಡಿದರೆ ೪೦ರಿಂದ ೫೦ ಗ್ರಾಂ ಆಗುವದು. ಹೊರಗಿನಿಂದ ಬೆರೆಸುವ ಸಕ್ಕರೆಯು ದಿನದ ಆಹಾರಶಕ್ತಿಯ ಶೇಕಡಾ ೧೦ನ್ನು ಮೀರಬಾರದು, ೫ಕ್ಕೆ ಇಳಿದರೆ ಇನ್ನೂ ಒಳಿತು ಎಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೧೫ರಲ್ಲಿ ತಿಳಿಸಿದೆ. ೨೦೦೦ ಕ್ಯಾಲರಿ ಉಣ್ಣುವವನಿಗೆ ಇದು ೫೦ ಗ್ರಾಂ ಮತ್ತು ೨೫ ಗ್ರಾಂ ಎಂದಾಗುವದು. ಭಾರತದಲ್ಲಿ ೧೦ ಕೋಟಿಗೂ ಮಿಕ್ಕಿ ಜನರಿಗೆ ಮಧುಮೇಹವಿದೆಯೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು ೨೦೨೩ರಲ್ಲಿ ಪ್ರಕಟವಾದ ಸಮೀಕ್ಷೆಯು ಅಂದಾಜು ಮಾಡಿದೆ. ಆದುದರಿಂದ ‘ಸಿಹಿ ಕಡಿಮೆ ಮಾಡಿರಿ’ ಎಂಬ ವೈದ್ಯರ ಮಾತು ಇಂದು ಯಾವ ಮನೆಗೂ ಅಪರಿಚಿತವಲ್ಲ.

ಅಂಥ ಮಾತನ್ನು ಕೇಳಿಬಂದ ಒಬ್ಬ ಗೃಹಸ್ಥನನ್ನು ಭಾವಿಸಿಕೊಳ್ಳಬಹುದು. ಶ್ರಾವಣದ ಮೊದಲನೆಯ ಸೋಮವಾರ ಅವನು ಸಕ್ಕರೆ, ಚಹಾ, ಬಾಟಲಿಯ ಪಾನೀಯ ಎಲ್ಲವನ್ನೂ ಒಂದೇ ಏಟಿಗೆ ಬಿಡುತ್ತಾನೆ. ಮಂಗಳವಾರ ತಲೆ ಭಾರ. ಬುಧವಾರ ಕೈಕಾಲುಗಳಲ್ಲಿ ಕಸುವಿಲ್ಲ. ಕಳೆ ತೆಗೆಯುವ ಕೆಲಸವು ಅರ್ಧಕ್ಕೇ ನಿಲ್ಲುವದು. ಮನೆಯವರ ಮೇಲೆ ಕಾರಣವಿಲ್ಲದ ಸಿಡುಕು. ಓಣಿಯ ಹಿರಿಯನೊಬ್ಬನು ಮರುಕದಿಂದ, “ಸಕ್ಕರಿ ಬಿಟ್ರ ಮೈಯಾಗ ಕಸುವು ಎಲ್ಲಿಂದ ಬರತೈತೋ ತಮ್ಮಾ? ಒಂದು ಕಪ್ ಚಾ ಕುಡಿ, ಎಲ್ಲಾ ಸರಿ ಹೋಗತೈತಿ” ಎನ್ನುತ್ತಾನೆ. ಕುಡಿದ ಅರ್ಧ ತಾಸಿನಲ್ಲಿ ತಲೆಭಾರವು ಇಳಿಯುವದು. ಸಂಕಲ್ಪವೂ ಅದರೊಂದಿಗೆ ಇಳಿದುಹೋಗುವದು.

ಈ ದಣಿವಿನ ವಿಷಯದಲ್ಲಿ ಲೋಕದಲ್ಲಿ ಮೂರು ಮತಗಳುಂಟು. ಸಕ್ಕರೆಯೇ ಶಕ್ತಿ, ಆದುದರಿಂದ ಅದನ್ನು ಬಿಡುವದೇ ತಪ್ಪು ಎಂಬದು ಮೊದಲನೆಯದು. ದಣಿವು ತಪಸ್ಸು, ಅದನ್ನು ಹಲ್ಲುಕಚ್ಚಿ ಸಹಿಸಿದಷ್ಟೂ ಪುಣ್ಯ ಎಂಬದು ಎರಡನೆಯದು. ದಣಿವು ಕೇವಲ ಮನಸ್ಸಿನ ನೆವ, ಅದನ್ನು ಗಣಿಸಲೇ ಬಾರದು ಎಂಬದು ಮೂರನೆಯದು. ಈ ಮೂರರಲ್ಲಿ ಯಾವದೂ ಪೂರ್ಣಸತ್ಯವಲ್ಲ.

ಮೊದಲನೆಯ ಮತವನ್ನು ಪರೀಕ್ಷಿಸೋಣ. ಶರೀರಕ್ಕೆ ಒಂದು ಬಗೆಯ ಸಕ್ಕರೆಯು ಬೇಕೆಂಬದು ನಿಜ. ಮೆದುಳೊಂದೇ ದಿನಕ್ಕೆ ಸುಮಾರು ೧೨೦ ಗ್ರಾಂ ಗ್ಲೂಕೋಸನ್ನು ವ್ಯಯಿಸುವದು. ಆದರೆ ಅದು ಡಬ್ಬಿಯ ಬಿಳಿ ಸಕ್ಕರೆಯಿಂದಲೇ ಬರಬೇಕೆಂಬ ನಿಯಮವಿಲ್ಲ. ಜೋಳದ ಪಿಷ್ಟವು ಜೀರ್ಣವಾಗಿ ಗ್ಲೂಕೋಸೇ ಆಗುವದು. ಯಕೃತ್ತು ಅದನ್ನು ಕೂಡಿಟ್ಟು ಬೇಕಾದಾಗ ಕೊಡುವದು. ಭೇದವಿರುವದು ವೇಗದಲ್ಲಿ. ಈ ಸೀಮೆಯ ರೈತನಿಗೆ ಇದನ್ನು ಹೊಲದ ಉದಾಹರಣೆಯಿಂದ ಹೇಳಬಹುದು. ನರಗುಂದದ ಕಡೆಗೆ ಮಲಪ್ರಭೆಯ ಕಾಲುವೆಯ ನೀರು ಹರಿಯುವದು. ತೂಬನ್ನು ಒಮ್ಮೆಲೇ ಎತ್ತಿದರೆ ಬದುವು ಒಡೆದು ನೀರೂ ಮಣ್ಣೂ ಹೋಗುವವು. ರೋಣದ ಎರೆಯ ಹೊಲದಲ್ಲಿ ಹಿಂಗಾರಿ ಜೋಳವು ಬೆಳೆಯುವ ರೀತಿ ಬೇರೆ. ಮಳೆಯು ನಿಂತ ಮೇಲೂ ಕರಿಯ ಮಣ್ಣು ಹಸಿಯನ್ನು ಒಡಲಲ್ಲಿ ಹಿಡಿದು ಬೆಳೆಗೆ ತುಸುತುಸುವಾಗಿ ಉಣಿಸುವದು. ಸಿಹಿ ಪಾನೀಯವು ಒಡೆದ ತೂಬಿನಂತೆ ರಕ್ತಕ್ಕೆ ನುಗ್ಗುವದು. ಅದನ್ನು ತಗ್ಗಿಸಲು ಶರೀರವು ಇನ್ಸುಲಿನ್ ಎಂಬ ರಸವನ್ನು ಸುರಿಸುವದು. ಕೆಲವರಲ್ಲಿ ಸಕ್ಕರೆಯ ಮಟ್ಟವು ಬೇಗ ಕೆಳಗಿಳಿದು ಮತ್ತೆ ಸಿಹಿಯ ಬಯಕೆ ಹುಟ್ಟುವದು. ರೊಟ್ಟಿ ಮತ್ತು ಕಾಳು ಎರೆಯ ಮಣ್ಣಿನಂತೆ ಉಣಿಸುವವು. ಹೀಗಿರಲು ಸಕ್ಕರೆಯೇ ಶಕ್ತಿಯೆಂಬದು ಪ್ರವಾಹವನ್ನೇ ನೀರಾವರಿ ಎಂದಂತೆ.

ಹಾಗಾದರೆ ಆ ಗೃಹಸ್ಥನು ದಣಿದದ್ದೇಕೆ? ಕಾರಣಗಳು ಒಂದಲ್ಲ.

ಮೊದಲನೆಯ ಕಾರಣವು ಸಕ್ಕರೆಯ ಜೊತೆಗೆ ಗುಟ್ಟಾಗಿ ಬರುವ ಸಂಗಾತಿ. ಚಹಾದಲ್ಲಿಯೂ ಕೋಲಾದಲ್ಲಿಯೂ ಕೆಫೀನ್ ಎಂಬ ಉತ್ತೇಜಕ ದ್ರವ್ಯವಿದೆ. ನಿತ್ಯವೂ ಅದಕ್ಕೆ ಒಗ್ಗಿದವನು ಒಮ್ಮೆಲೇ ಬಿಟ್ಟರೆ ೧೨ರಿಂದ ೨೪ ತಾಸುಗಳಲ್ಲಿ ತಲೆನೋವು, ಆಲಸ್ಯ, ಸಿಡುಕು ಆರಂಭವಾಗುವವು. ಮೊದಲೆರಡು ದಿನಗಳಲ್ಲಿ ಹೆಚ್ಚಿ, ಎರಡರಿಂದ ಒಂಬತ್ತು ದಿನಗಳೊಳಗೆ ತಾವಾಗಿಯೇ ಶಮನವಾಗುವವು. ಹಿರಿಯನು ಕೊಟ್ಟ ಚಹಾದಿಂದ ತಲೆಭಾರವು ಇಳಿದುದರ ಮರ್ಮವು ಬಹುಮಟ್ಟಿಗೆ ಇದೇ. ಮಾಡಿದವನೊಬ್ಬ, ಹೆಸರು ಪಡೆದವನು ಮತ್ತೊಬ್ಬ. ಎರಡನೆಯದು ಲೆಕ್ಕದ ತಪ್ಪು. ದಿನಕ್ಕೆ ೫೦ ಗ್ರಾಂ ಸಕ್ಕರೆ ಬಿಟ್ಟರೆ ೨೦೦ ಕ್ಯಾಲರಿ ಬಿಟ್ಟಂತಾಯಿತು. ಅದರ ಸ್ಥಾನದಲ್ಲಿ ರೊಟ್ಟಿಯನ್ನೋ ಕಾಳನ್ನೋ ಸೇರಿಸದೆ ಮೊದಲಿನಷ್ಟೇ ದುಡಿದರೆ ಮೈ ಸೋಲದೆ ಏನು ಮಾಡೀತು? ಮೂರನೆಯದು ನೀರು. ಐದು ಕಪ್ಪು ಚಹಾ, ಒಂದು ಬಾಟಲಿ ಪಾನೀಯ ನಿಂತವು. ಅವುಗಳ ಬದಲು ನೀರು ಕುಡಿಯುವದು ಮರೆತುಹೋಯಿತು. ಬೆವರು ಸುರಿಸುವವನಿಗೆ ನೀರಿನ ಕೊರತೆಯೇ ದಣಿವಾಗಿ ತೋರುವದು.

ನಾಲ್ಕನೆಯದು ಸೂಕ್ಷ್ಮವಾದದ್ದು. ಮಗ್ಗದ ಮುಂದೆ ಕುಳಿತವನಿಗೆ ಚಹಾದ ಹೊತ್ತು ಎಂದರೆ ಕೈ ನಿಲ್ಲಿಸುವ ಹೊತ್ತು, ಬೆನ್ನು ನೆಟ್ಟಗೆ ಮಾಡುವ ಹೊತ್ತು, ಪಕ್ಕದವನ ಸುಖದುಃಖ ಕೇಳುವ ಹೊತ್ತು. ಚಹಾವನ್ನು ಬಿಟ್ಟವನು ಅದರೊಡನೆ ಆ ವಿಶ್ರಾಂತಿಯನ್ನೂ ಸಂಗವನ್ನೂ ಬಿಟ್ಟುಬಿಟ್ಟನು. ಲೋಟದಲ್ಲಿದ್ದ ಸಕ್ಕರೆಯು ಹಾನಿಕರವಾಗಿದ್ದಿರಬಹುದು. ಲೋಟದ ಸುತ್ತಲಿದ್ದ ಆ ಅರೆಗಳಿಗೆಯು ಹಾನಿಕರವಾಗಿರಲಿಲ್ಲ. ಕಳೆಯನ್ನು ಕೀಳುವಾಗ ಪೈರನ್ನೂ ಕಿತ್ತಂತಾಯಿತು. ಐದನೆಯದಾಗಿ, ದಣಿವು ಹಳೆಯದೇ ಆಗಿರಬಹುದು. ಮಧುಮೇಹವೇ ದಣಿವನ್ನುಂಟುಮಾಡುವ ವ್ಯಾಧಿ. ರಕ್ತಹೀನತೆಯೂ, ವಿಶೇಷವಾಗಿ ಸ್ತ್ರೀಯರಲ್ಲಿ, ಹಾಗೆಯೇ. ಇಷ್ಟು ದಿನ ಸಿಹಿ ಚಹಾವು ಅದಕ್ಕೆ ಪರದೆಯಾಗಿದ್ದಿತು. ಪರದೆ ಸರಿದಾಗ ಒಳಗಿನದು ಕಂಡಿತು.

ಇಷ್ಟು ತಿಳಿದ ಮೇಲೆ, ದಣಿವು ಬರಿಯ ನೆವವೆನ್ನುವ ಮೂರನೆಯ ಮತವು ತಾನಾಗಿಯೇ ಬಿದ್ದುಹೋಗುವದು. ಉಳಿದದ್ದು ತಪಸ್ಸಿನ ಮತ. ಭಕ್ತರನ್ನು ಹೆಚ್ಚಾಗಿ ಮೋಹಗೊಳಿಸುವದು ಇದೇ.

ಶರಣರು ಕಾಯವನ್ನು ಹಗೆಯೆಂದು ಬಗೆದವರಲ್ಲ. ಕಾಯವು ದುಡಿಮೆಯ ಉಪಕರಣ, ದಾಸೋಹದ ದ್ವಾರ, ಲಿಂಗದ ಆಲಯ. ಮೈಯನ್ನು ಒಣಗಿಸುವದರಿಂದಲೇ ಮನಸ್ಸು ಶುದ್ಧವಾಗುವದೆಂಬ ಭಾವನೆಯನ್ನು ಅವರು ಒಪ್ಪಲಿಲ್ಲ. ನುಲಿಯ ಚಂದಯ್ಯನು ಹಗ್ಗ ಹೊಸೆದನು. ಮೋಳಿಗೆಯ ಮಾರಯ್ಯನು ಕಟ್ಟಿಗೆ ಹೊತ್ತನು. ಇವರ ಶಿವಭಕ್ತಿಯು ಕೈಗಳ ಕಸುವಿನ ಮೂಲಕವೇ ಹರಿಯಿತು. ನೇಮವೊಂದು ಕಾಯಕವನ್ನು ನಿಲ್ಲಿಸುವಷ್ಟು ಬಳಲಿಸಿದರೆ ಆ ನೇಮದ ರೀತಿಯನ್ನು ತಿದ್ದಿಕೊಳ್ಳಬೇಕೇ ಹೊರತು ಬಳಲಿಕೆಯನ್ನು ಆಭರಣವಾಗಿ ತೊಡಬಾರದು. ‘ನಾನು ಸಕ್ಕರೆಯನ್ನು ಮುಟ್ಟೆನು’ ಎಂದು ನಾಲ್ವರ ಮುಂದೆ ನುಡಿದು, ಮನೆಯಲ್ಲಿ ಸೊಸೆಯ ಮೇಲೆ ಸಿಡಿಮಿಡಿಗೊಳ್ಳುವವನು ನಾಲಗೆಯ ಒಂದು ಚಪಲವನ್ನು ಬಿಟ್ಟು ಇನ್ನೊಂದನ್ನು ಹಿಡಿದಂತಾಯಿತು.

ಆಯ್ದಕ್ಕಿ ಲಕ್ಕಮ್ಮನ ಚರಿತ್ರೆಯು ಇಲ್ಲಿ ದಾರಿದೀಪವಾಗಬಲ್ಲುದು. ಪತಿಯಾದ ಮಾರಯ್ಯನು ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುತ್ತಿದ್ದನು. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ ಲಕ್ಕಮ್ಮನು ಹೆಚ್ಚಿನದನ್ನು ಮರಳಿ ಸುರಿದು ಬರಲು ಹೇಳಿದಳು. ಈ ಕಥೆಯಿಂದ ಆಸೆಯು ಸಲ್ಲದೆಂಬ ನೀತಿಯನ್ನು ಎಲ್ಲರೂ ತೆಗೆಯುತ್ತಾರೆ, ಅದು ಯುಕ್ತವೇ. ಆದರೆ ಇನ್ನೊಂದು ಅಂಶವನ್ನೂ ಗಮನಿಸಬೇಕು. ಲಕ್ಕಮ್ಮನು ಒಲೆಯನ್ನು ಆರಿಸಲಿಲ್ಲ. ಅಂದಿಗೆ ಬೇಕಾದಷ್ಟನ್ನು ಇಟ್ಟುಕೊಂಡು ಅಡಿಗೆ ಮಾಡಿದಳು, ದಾಸೋಹವನ್ನು ನಡೆಸಿದಳು. ಅವಳು ತೋರಿಸಿದ್ದು ಬರಿಗೈಯನ್ನಲ್ಲ, ಅಳತೆಯನ್ನು. ಹೆಚ್ಚಾದರೆ ಅಳತೆ ತಪ್ಪುವಂತೆ ಕಡಿಮೆಯಾದರೂ ಅಳತೆ ತಪ್ಪುವದು. ಸಕ್ಕರೆಯನ್ನು ಮರಳಿ ಸುರಿದವನು ರೊಟ್ಟಿಯನ್ನೂ ನೀರನ್ನೂ ವಿಶ್ರಾಂತಿಯನ್ನೂ ಅದರೊಡನೆ ಸುರಿದರೆ ಲಕ್ಕಮ್ಮನ ಮಾರ್ಗವನ್ನು ಅರ್ಧ ಮಾತ್ರ ಹಿಡಿದಂತೆ.

ಷಟ್‌ಸ್ಥಲಶಾಸ್ತ್ರದಲ್ಲಿ ಜಿಹ್ವೆಯು ಗುರುಲಿಂಗದ ಸ್ಥಾನವೆಂದಿದೆ. ಪದಾರ್ಥದ ರೂಪು ಇಷ್ಟಲಿಂಗಕ್ಕೆ, ರುಚಿಯು ಪ್ರಾಣಲಿಂಗಕ್ಕೆ, ತೃಪ್ತಿಯು ಭಾವಲಿಂಗಕ್ಕೆ ಅರ್ಪಿತವೆಂದಿದೆ. ರುಚಿಯನ್ನು ಇಲ್ಲಿ ತುಚ್ಛೀಕರಿಸಿಲ್ಲ. ಅರ್ಪಣೆಗೆ ಯೋಗ್ಯವೆಂದು ಮೇಲಕ್ಕೆತ್ತಲಾಗಿದೆ. ಆದರೆ ರುಚಿಯ ಮುಂದೆ ತೃಪ್ತಿಯೆಂಬ ಇನ್ನೊಂದು ಮೆಟ್ಟಿಲಿದೆ. ಕುಡಿದ ಒಂದು ತಾಸಿನಲ್ಲಿಯೇ ಇನ್ನೊಂದನ್ನು ಬೇಡಿಸುವ ಪಾನೀಯದಲ್ಲಿ ರೂಪು ಉಂಟು, ಬಣ್ಣವುಂಟು, ರುಚಿಯೂ ಉಂಟು, ತೃಪ್ತಿಯಿಲ್ಲ. ಅರ್ಪಣೆಯು ಅಲ್ಲಿ ಅಪೂರ್ಣವಾಗಿಯೇ ಉಳಿಯುವದು. ‘ಇದು ನಾಲಗೆಗೆ ಹಿತವೇ?’ ಎಂಬದರ ಜೊತೆಗೆ ‘ಇದು ತೃಪ್ತಿಯಲ್ಲಿ ಮುಗಿಯುವದೇ?’ ಎಂದು ಕೇಳಿಕೊಳ್ಳುವವನಿಗೆ ಬಿಡತಕ್ಕದ್ದು ಯಾವದು, ಹಿಡಿಯತಕ್ಕದ್ದು ಯಾವದು ಎಂಬದು ತಾನಾಗಿಯೇ ತಿಳಿದುಬರುವದು.

ಇನ್ನು ಬಿಡುವ ಕ್ರಮ. ಚರಕಸಂಹಿತೆಯ ಸೂತ್ರಸ್ಥಾನದ ೭ನೆಯ ಅಧ್ಯಾಯದಲ್ಲಿ ಇದಕ್ಕೆ ಸರಿಯಾದ ವಿಧಾನವು ಹೇಳಲ್ಪಟ್ಟಿದೆ. ಅಭ್ಯಾಸವಾಗಿಹೋದ ಅಹಿತವನ್ನು ಬುದ್ಧಿವಂತನು ಒಮ್ಮೆಲೇ ಬಿಡಬಾರದು; ಕಾಲುಪಾಲು ಬಿಟ್ಟು, ಆ ಸ್ಥಾನದಲ್ಲಿ ಹಿತವಾದುದರ ಕಾಲುಪಾಲನ್ನು ಇಟ್ಟು, ನಡುವೆ ಒಂದು, ಎರಡು, ಮೂರು ದಿನಗಳ ಅಂತರ ಕೊಡುತ್ತ ಮುಂದುವರಿಯಬೇಕೆಂಬದು ಅದರ ತಾತ್ಪರ್ಯ. ಹೀಗೆ ಬಿಟ್ಟ ದೋಷವು ಮರಳಿ ಹುಟ್ಟದು, ಹೀಗೆ ಹಿಡಿದ ಗುಣವು ಅಲುಗದು. ಇದರಲ್ಲಿ ಬಿಡುವದೂ ಇಡುವದೂ ಜೊತೆಜೊತೆಯಾಗಿವೆ ಎಂಬದೇ ಮುಖ್ಯ. ಇಂದಿನ ಗೃಹಸ್ಥನು ಇದನ್ನು ಹೀಗೆ ಆಚರಿಸಬಹುದು. ಎರಡು ಚಮಚೆಯಿದ್ದಲ್ಲಿ ಒಂದೂವರೆ, ಕೆಲವು ದಿನಗಳ ಮೇಲೆ ಒಂದು, ಆಮೇಲೆ ಅರ್ಧ. ಐದು ಕಪ್ಪಿದ್ದಲ್ಲಿ ನಾಲ್ಕು, ತರುವಾಯ ಮೂರು. ಬಾಟಲಿಯ ಪಾನೀಯದ ಬದಲು ತಿಳಿ ಮಜ್ಜಿಗೆ, ಇಲ್ಲವೆ ಸಕ್ಕರೆಯಿಲ್ಲದ ಲಿಂಬೆನೀರು. ಮುಂಜಾನೆಯ ಚಹಾದ ಮೇಲೆಯೇ ಹೊಲಕ್ಕೆ ಹೋಗುವವನಿಗೆ ರೊಟ್ಟಿ, ಮೊಳಕೆಯ ಕಾಳು. ಚಹಾದ ಹೊತ್ತು ಮಾತ್ರ ಮೊದಲಿನಂತೆಯೇ ಇರಲಿ. ಮಗ್ಗವು ನಿಲ್ಲಲಿ, ಮಾತುಕತೆ ನಡೆಯಲಿ, ಲೋಟದಲ್ಲಿ ಮಜ್ಜಿಗೆಯಿರಲಿ.

ಸಕ್ಕರೆಯ ಬದಲು ಬೆಲ್ಲ ಹಾಕಿಕೊಂಡರೆ ದೋಷವಿಲ್ಲವೆಂಬ ಭ್ರಾಂತಿಯನ್ನೂ ಬಿಡಬೇಕು. ಬೆಲ್ಲದ ಬಹುಭಾಗವು ಸಕ್ಕರೆಯೇ. ಪ್ರಮೇಹಕ್ಕೆ ಕಾರಣಗಳನ್ನು ಎಣಿಸುವಾಗ ಚರಕನು ಕುಳಿತೇ ಇರುವ ಸುಖ, ನಿದ್ರೆಯ ಸುಖ ಇವುಗಳೊಂದಿಗೆ ಬೆಲ್ಲದ ಪದಾರ್ಥಗಳನ್ನೂ ಹೆಸರಿಸಿದ್ದಾನೆ.

ಒಂದು ಎಚ್ಚರಿಕೆಯನ್ನು ಹೇಳದೆ ಈ ವಿಷಯವನ್ನು ಮುಂದುವರಿಸಲಾಗದು. ಮಧುಮೇಹಕ್ಕಾಗಿ ಇನ್ಸುಲಿನ್ನನ್ನೋ ಕೆಲವು ಬಗೆಯ ಗುಳಿಗೆಗಳನ್ನೋ ತೆಗೆದುಕೊಳ್ಳುವವರು ಊಟವನ್ನೂ ಸಿಹಿಯನ್ನೂ ತಟ್ಟನೆ ಕಡಿಮೆ ಮಾಡಿದರೆ ರಕ್ತದ ಸಕ್ಕರೆಯು ಅಪಾಯಕರವಾಗಿ ಇಳಿಯಬಹುದು. ತಣ್ಣನೆಯ ಬೆವರು, ಕೈ ನಡುಕ, ಎದೆಬಡಿತ, ಕಂಗಾಲಾದ ಹಸಿವು, ಮಾತು ತೊದಲುವದು, ಇವು ಅದರ ಲಕ್ಷಣಗಳು. ಅಳತೆಯು ೭೦ ಮಿಲಿಗ್ರಾಂಗಿಂತ ಕೆಳಗಿದ್ದರೆ ಅಥವಾ ಅಳೆಯಲು ಅನುಕೂಲವಿಲ್ಲದೆ ಈ ಲಕ್ಷಣಗಳು ಕಂಡರೆ, ಮೂರು ಚಮಚೆಯಷ್ಟು ಅಂದರೆ ಸುಮಾರು ೧೫ ಗ್ರಾಂ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕೂಡಲೆ ಕುಡಿಯಬೇಕು. ಕಾಲು ತಾಸಿನಲ್ಲಿ ಚೇತರಿಸದಿದ್ದರೆ ಮತ್ತೊಮ್ಮೆ ಕೊಡಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಆ ಹೊತ್ತಿನಲ್ಲಿ ಸಕ್ಕರೆಯೇ ಔಷಧ, ಅದು ವ್ರತಭಂಗವಲ್ಲ. ಪ್ರಾಣವನ್ನು ಕಾಯಲೆಂದು ಹಿಡಿದ ನೇಮವು ಪ್ರಾಣಕ್ಕೇ ಎರವಾಗಬಾರದು. ಇಂಥವರು ಸಿಹಿಯನ್ನು ಕಡಿಮೆ ಮಾಡುವ ಮೊದಲೇ ವೈದ್ಯರನ್ನು ಕಂಡು ಔಷಧದ ಪ್ರಮಾಣವನ್ನು ವಿಚಾರಿಸುವದು ಕ್ಷೇಮ. ಉಳಿದವರಲ್ಲಿಯೂ ದಣಿವು ಎರಡು ವಾರಗಳನ್ನು ದಾಟಿದರೆ, ಅತಿಯಾದ ನೀರಡಿಕೆ, ಮೇಲಿಂದ ಮೇಲೆ ಮೂತ್ರ, ಮೈ ಇಳಿಯುವದು, ಏದುಸಿರು ಇವು ಜೊತೆಗೂಡಿದರೆ ಪರೀಕ್ಷೆ ಮಾಡಿಸತಕ್ಕದ್ದು. ೩೦ ವರ್ಷ ದಾಟಿದವರಿಗೆ ರಕ್ತದ ಸಕ್ಕರೆಯ ತಪಾಸಣೆಯು ಸರಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ದೊರೆಯುವದು.

ಕೊನೆಯದಾಗಿ ನೆರೆಹೊರೆಯ ಧರ್ಮ. ಈ ಸೀಮೆಯಲ್ಲಿ ಮನೆಗೆ ಬಂದವರನ್ನು ಚಹಾ ಕೊಡದೆ ಕಳಿಸುವದು ಅವಮಾನ. ಕೊಟ್ಟದ್ದನ್ನು ಒಲ್ಲೆನೆನ್ನುವದು ಅದಕ್ಕೂ ಮಿಗಿಲಾದ ಅವಮಾನ. ಪ್ರೀತಿಯಿಂದ ಹುಟ್ಟಿದ ಈ ರೂಢಿಯು ಒಮ್ಮೊಮ್ಮೆ ಪ್ರೀತಿಯನ್ನೇ ಮರೆಯುವದು. ‘ಒಂದು ಕಪ್ಪಿಗೆ ಏನಾಗತೈತಿ’ ಎಂದು ಹತ್ತು ಮನೆಯವರು ಹತ್ತು ಸಲ ಅಂದರೆ ಒಬ್ಬನ ಸಂಕಲ್ಪವು ಮುರಿಯುವದು. ಮುರಿದವರು ಹತ್ತು ಜನ, ಸೋತವನೆಂಬ ಹೆಸರು ಒಬ್ಬನಿಗೆ. ಬಂದವನಿಗೆ ಬೇಕಾದುದನ್ನು ನೀಡುವದು ದಾಸೋಹ. ನೀಡುವವನಿಗೆ ಇಷ್ಟವಾದುದನ್ನು ಹೇರುವದು ದಾಸೋಹವಲ್ಲ. ‘ಏನು ಕೊಡಲಿ?’ ಎಂಬ ಒಂದು ಪ್ರಶ್ನೆಯನ್ನು ಉಪಚಾರಕ್ಕೆ ಸೇರಿಸಿದರೆ ಸಾಕು. ಮನೆಯೊಳಗೂ ಹಾಗೆಯೇ. ಒಬ್ಬನು ಬಿಡುತ್ತಿರುವಾಗ ಉಳಿದವರು ಅವನೆದುರಿಗೆ ಬಾಟಲಿ ತೆರೆಯದಿರುವದು, ಅವನ ಸಿಡುಕನ್ನು ನಾಲ್ಕಾರು ದಿನ ಸೈರಿಸಿಕೊಳ್ಳುವದು, ಮಕ್ಕಳ ಲೋಟದಲ್ಲಿಯೂ ಅರ್ಧ ಚಮಚೆ ಇಳಿಸುವದು, ಇವೆಲ್ಲ ಸಹಧರ್ಮವೇ. ಬಿಟ್ಟವನಾದರೂ ಜಾತ್ರೆಯ ಪಂಕ್ತಿಯಲ್ಲಿ ಹುಗ್ಗಿಯನ್ನು ಕಂಡು ಹುಬ್ಬು ಗಂಟಿಕ್ಕಬೇಕಾಗಿಲ್ಲ. ಪ್ರಸಾದದ ಹಿರಿಮೆಯು ಪ್ರಮಾಣದಲ್ಲಿಲ್ಲ. ಬೆರಳ ತುದಿಯಷ್ಟನ್ನು ಭಕ್ತಿಯಿಂದ ಸ್ವೀಕರಿಸಿದರೂ ಅದು ಪೂರ್ಣವೇ.

ಹೀಗೆ ನಡೆದವನಿಗೆ ಕೆಲವು ವಾರಗಳಲ್ಲಿ ಒಂದು ಅನುಭವವು ಬರುವದು. ದಣಿವು ಹೋಗಿರುವದು, ಅದಕ್ಕಿಂತ ಹೆಚ್ಚಾಗಿ ನಾಲಗೆಯು ಎಚ್ಚತ್ತಿರುವದು. ಮೊದಲು ಸಪ್ಪೆಯೆನಿಸಿದ ಅರ್ಧ ಚಮಚೆಯೇ ಈಗ ಸಾಕಷ್ಟು ಸಿಹಿ. ಮೊದಲಿನ ಎರಡು ಚಮಚೆಯು ಮುಖ ಕಿವುಚಿಸುವದು. ಜೋಳದ ರೊಟ್ಟಿಯನ್ನು ಚೆನ್ನಾಗಿ ಅಗಿದರೆ ಬಾಯಲ್ಲಿಯೇ ಸಣ್ಣದೊಂದು ಸವಿಯು ಹುಟ್ಟುವದು. ಹಿಂಗಾರಿಯ ಎಳೆಯ ಜೋಳದ ತೆನೆಯನ್ನು ಕೆಂಡದ ಮೇಲೆ ಸುಟ್ಟು ಕಾಳು ಉದುರಿಸಿ ತಿನ್ನುವ ವಾಡಿಕೆಯು ಈ ನಾಡಿನಲ್ಲಿ ಬಹುಕಾಲದಿಂದಲೂ ಇದೆ. ಅದಕ್ಕೆ ಜನರಿಟ್ಟ ಹೆಸರು ಸೀತನಿ, ಎಂದರೆ ಸಿಹಿತೆನೆ. ಅದರೊಳಗಿನ ಸಿಹಿಯನ್ನು ಗುರುತಿಸುವಷ್ಟು ನಾಲಗೆಯು ಹಿಂದಿನವರಿಗೆ ಇದ್ದಿತು. ಸಿಹಿಯನ್ನು ಅಳತೆಗೆ ತಂದವನು ಸಿಹಿಯನ್ನು ಕಳೆದುಕೊಳ್ಳುವದಿಲ್ಲ. ಅದನ್ನು ಮರಳಿ ಪಡೆಯುತ್ತಾನೆ. ನಡುವೆ ಬರುವ ನಾಲ್ಕು ದಿನದ ದಣಿವನ್ನು ಹೆದರದೆ, ಹೆಮ್ಮೆಪಡದೆ, ಅದರ ಮಾತನ್ನು ಕೇಳುತ್ತ ದಾಟಿದರೆ ಕಾಯವು ಕಾಯಕಕ್ಕೆ ಮರಳುವದು.